ಮೋಟುವಿನ ಎಂಜಿನ್

ಗೇಟಿನ ಚಿಲಕ ತೆಗೆಯುವ ಮೊದಲೇ ಪರದೆಯಕ್ಕನಿಗೆ ಏನೋ ಎಡವಟ್ಟಾಗಿದೆ ಅನ್ನಿಸಿತು. ಅಂಗಳದಲ್ಲಿ ನಿಂತಿದ್ದ ಅವಳ ಕಾರು ಮೂತಿ ಮೇಲೆತ್ತಿಕೊಂಡಿತ್ತು. ಹಿಂಭಾಗ ಎಂದಿನಂತೆ ಚಕ್ರಗಳ ಮೇಲೆ ಕೂತಿದೆ, ಮುಂಭಾಗ ಮಾತ್ರ ಗೇಣುದ್ದ ಎದ್ದು ನಿಂತಿದೆ. ಭಾರ ಇಳಿಸಿದ ಕಾರು ಹಾಗೆ ನಿಲ್ಲುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮುಂಭಾಗದಲ್ಲಿ ಇಳಿಸುವಂಥ ಭಾರ ಯಾವುದು ಎಂಬುದೂ ಗೊತ್ತಿತ್ತು.

ಕೈಯಲ್ಲಿದ್ದ ಡ್ರಿಲ್ಲಿನ ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟು ಅವಳು ಬಾನೆಟ್ಟು ಎತ್ತಿದಳು. ಎಂಜಿನ್ ಇರಬೇಕಾದ ಜಾಗದಲ್ಲಿ ಅಂಗಳದ ಮಣ್ಣು ಕಾಣುತ್ತಿತ್ತು. ಬಿಚ್ಚಿದ ಕೊಳವೆಗಳ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ರಬ್ಬರ್ ಬ್ಯಾಂಡು ಸುತ್ತಿದ್ದರು. ಆ ಚೀಲಗಳೂ ಅವಳವೇ. ಪರದೆಯ ಕೊಕ್ಕೆಗಳನ್ನು ತುಂಬಿಡಲು ತಂದಿಟ್ಟವು. ತಲೆಯ ಮೇಲಿನ ಮರದ ಕೊಂಬೆಯಲ್ಲಿ, ಎಂಜಿನ್ ಎತ್ತಿದ ಚೈನು ಉಜ್ಜಿ ತೊಗಟೆ ಹಸಿಯಾಗಿ ಸುಲಿದಿತ್ತು. ಅಪ್ಪನ ಕಾರು ನಿಲ್ಲುವ ಜಾಗ ಖಾಲಿ.

ಊರಾಚೆಯ ವೃದ್ಧರ ಆರೈಕೆಮನೆಯೊಂದರ ಅಷ್ಟೂ ಕಿಟಕಿಗಳಿಗೆ ಪರದೆ ಹಾಕಿಕೊಡಲು ಆ ಮನೆಯವರದೇ ಲಾರಿಯಲ್ಲಿ ಹೋದವಳು, ಅಲ್ಲೇ ಉಳಿದು ಕೆಲಸ ಮುಗಿಸಿ ಈಗಷ್ಟೇ ಬಂದಿದ್ದಳು. ಹೋಗುವಾಗ ಕಾರು ಸರಿಯಾಗಿತ್ತು. ಬೀಗದ ಕೈಯನ್ನು ಅಮ್ಮನ ಕೈಗೇ ಕೊಟ್ಟು ಹೋಗಿದ್ದಳು.

ಒಳಗೆ ಅಪ್ಪ ಊಟಕ್ಕೆ ಕೂತಿದ್ದರು. ಬೆರಳ ಸಂದಿಯಲ್ಲಿ ಇನ್ನೂ ಗ್ರೀಸು ಇತ್ತು.

"ಬಂದ್ಯಾ? ಕೈ ತೊಳ್ಕೊ. ಅನ್ನ ಬಿಸಿ ಇದೆ."

"ನನ್ನ ಕಾರಿನ ಎಂಜಿನ್ ಎಲ್ಲಿ?"

"ಎಲ್ಲಿಗೂ ಹೋಗಿಲ್ಲ, ಮನೇಲೇ ಇದೆ. ನನ್ನ ದೊಡ್ಡ ಕಾರಲ್ಲಿ ಕೂರಿಸಿದೀನಿ." ಅಪ್ಪ ಆಲೂಗಡ್ಡೆಯನ್ನು ಅನ್ನಕ್ಕೆ ಕಲಸಿಕೊಂಡರು. "ನಿನ್ನ ತಮ್ಮ ತಗೊಂಡು ಹೋಗಿದಾನೆ ಹೋಟೆಲಿಗೆ. ಗುಡ್ಡ ಹತ್ತೋದು ಹೇಗೆ ಅಂತೀಯ, ಬೆಣ್ಣೆ ಕತ್ತರಿಸಿದ ಹಾಗೆ."

ಎರಡೂ ಕೊರಿಯಾದ ಕಾರುಗಳು. ಒಂದೇ ಕಂಪನಿ, ಒಂದೇ ಕಾಲ. ಅಗ್ಗದ ಕಾರು ಬೇಕೆಂದರೆ ಜನ ಇವನ್ನೇ ಕೊಳ್ಳುತ್ತಿದ್ದ, ಕೊಂಡವರನ್ನು ನೋಡಿ ಪಕ್ಕದ ಮನೆಯವರು ಮುಸಿಮುಸಿ ನಗುತ್ತಿದ್ದ ಕಾಲದವು. ನಕ್ಕವರ ಕಾರುಗಳು ಗುಜರಿಗೆ ಹೋಗಿ ಎಷ್ಟೋ ವರ್ಷವಾದರೂ ಇವೆರಡೂ ಓಡಾಡಿಕೊಂಡಿದ್ದವು. ಮುಂದಿನ ಗಾಜಿನ ತನಕ ಎರಡಕ್ಕೂ ಏನೇನೂ ವ್ಯತ್ಯಾಸವಿಲ್ಲ. ಅದೇ ದೀಪ, ಅದೇ ಬಾನೆಟ್ಟು, ಅದೇ ತೆಳು ಸ್ಟೇರಿಂಗು. ಅಲ್ಲಿಂದ ಹಿಂದಕ್ಕೆ ಮಾತ್ರ ಜಾತಿ ಬೇರೆ. ಅಪ್ಪನದು ಸೆಡಾನು. ನಾಲ್ಕು ಬಾಗಿಲು, ಹಿಂದೆ ಮಂಚದಷ್ಟು ಉದ್ದದ ಡಿಕ್ಕಿ. ಮಗಳದು ಹ್ಯಾಚ್‌ಬ್ಯಾಕ್. ಪಕ್ಕಕ್ಕೊಂದರಂತೆ ಎರಡೇ ಬಾಗಿಲು, ಬೆನ್ನಿಗೆ ಮೇಲೆತ್ತುವ ಇನ್ನೊಂದು, ಅಲ್ಲಿಗೆ ಕಾರು ಮುಗಿಯಿತು. ಅಪ್ಪ ಅದಕ್ಕೆ ಮೋಟು ಎಂದು ಹೆಸರಿಟ್ಟಿದ್ದರು. "ಡಿಕ್ಕಿ ಇಲ್ಲದ ಕಾರು ಅಂದ್ರೆ ಕೋಟು ಹಾಕ್ಕೊಂಡು ಪ್ಯಾಂಟು ಮರೆತ ಹಾಗೆ" ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು.

ಪರದೆಯಕ್ಕ ಆ ಬೆನ್ನಿನ ಬಾಗಿಲಿಗೋಸ್ಕರವೇ ಅದನ್ನು ಕೊಂಡಿದ್ದು. ಹಿಂದಿನ ಸೀಟು ಮಡಚಿ, ಮುಂದಿನ ಪಕ್ಕದ ಸೀಟನ್ನು ಒರಗಿಸಿದರೆ ಆಳೆತ್ತರಕ್ಕೂ ಮೀರಿದ ಪರದೆ ರಾಡುಗಳು ಡ್ಯಾಶ್‌ಬೋರ್ಡಿನಿಂದ ಹಿಂಬಾಗಿಲ ತನಕ ಉದ್ದಕ್ಕೆ ಮಲಗುತ್ತಿದ್ದವು. ಅದರ ಮೇಲೆ ಬಟ್ಟೆಯ ಗಂಟು, ಮೂಲೆಯಲ್ಲಿ ಮಡಚುವ ಏಣಿ. ಇನ್ನೊಂದು ಕಾರಣ ಎಂಜಿನ್. ಮೋಟುವಿನದು ಹದಿನೈದುನೂರು ಸಿಸಿ, ಅಪ್ಪನದು ಹದಿಮೂರುನೂರು. ಊರಿನ ಹೊಸ ಮನೆಗಳೆಲ್ಲ ಗುಡ್ಡದ ಮೇಲೆ ಏಳುತ್ತಿದ್ದವು. ಹೊಸ ಮನೆಗಳಿಗೇ ಹೊಸ ಪರದೆ ಬೇಕು.

ಆ ಎಂಜಿನ್ನುಗಳ ಒಳಗೊಂದು ರಬ್ಬರ್ ಬೆಲ್ಟು ಇರುತ್ತದೆ. ಕಾಲಕಾಲಕ್ಕೆ ಅದನ್ನು ಬದಲಾಯಿಸಬೇಕು. ಬಿಟ್ಟರೆ ಕಾರು ಓಡುತ್ತಿರುವಾಗಲೇ ಅದು ಹರಿದು, ಪಿಸ್ಟನ್ನುಗಳು ಮೇಲೆ ಬಂದು ವಾಲ್ವುಗಳಿಗೆ ಗುದ್ದಿ ಎಲ್ಲವನ್ನೂ ಬಾಗಿಸಿಬಿಡುತ್ತವೆ. ಮಗಳು ಹೊತ್ತಿಗೆ ಸರಿಯಾಗಿ ಬದಲಾಯಿಸಿಕೊಂಡು ಬಂದಿದ್ದಳು. ಅಪ್ಪ ಜೀವಮಾನವೆಲ್ಲ ಬಸ್ ಡಿಪೋದಲ್ಲಿ ಕಬ್ಬಿಣದ ಹಲ್ಲುಚಕ್ರಗಳ ಡೀಸೆಲ್ ಎಂಜಿನ್ ಬಿಚ್ಚಿದವರು. "ಎಂಜಿನ್ನಿಗೆ ರಬ್ಬರು ಹಾಕೋದಕ್ಕೆ ಅದೇನು ಚಡ್ಡಿಯ ಎಲಾಸ್ಟಿಕ್ಕಾ?" ಎಂದು ಮಾತು ಹಾರಿಸಿದ್ದರು. ಹೋದ ವಾರ, ತಮ್ಮ ಹೋಟೆಲಿನ ಅತಿಥಿಗಳನ್ನು ಅಪ್ಪನ ಕಾರಿನಲ್ಲಿ ಕೂರಿಸಿಕೊಂಡು ಗುಡ್ಡ ಹತ್ತುವಾಗ, ತಿರುವಿನಲ್ಲಿ ಆ ಬೆಲ್ಟು ಹರಿಯಿತು.

"ತಮ್ಮನ ಕೆಲಸ ಹೋಗ್ತಿತ್ತು" ಎಂದರು ಅಪ್ಪ. "ಎಷ್ಟು ದಿನಕ್ಕೆ ಸಿಕ್ಕಿದ ಕೆಲಸ ಅದು. ನಿನ್ನ ಮೋಟು ತರ್ತೀನಿ ಅಂತ ಅವನು ಅಂದ್ರೆ, ಅತಿಥಿಗಳನ್ನ ಸೀಟು ಮಡಚಿ ಹಿಂದಕ್ಕೆ ತೂರಿಸೋ ಕಾರು ಬೇಡ ಅಂದ ಅಲ್ಲಿಯ ಮ್ಯಾನೇಜರು. ನಾಲ್ಕು ಬಾಗಿಲೇ ಬೇಕಂತೆ."

"ನನ್ನ ಕೆಲಸ?"

"ನಿನ್ನದು ಬಟ್ಟೆ. ಬಟ್ಟೆಗೆ ಹದಿನೈದುನೂರು ಯಾಕೆ?"

"ಕಬ್ಬಿಣದ ರಾಡು ಹೊತ್ತು ನೋಡಿದೀರಾ ಒಂದು ದಿನ?"

"ಇನ್ನೊಂದು ಎಂಜಿನ್ ಸಿಕ್ಕಿದ ಕೂಡ್ಲೇ ನಿನ್ನದಕ್ಕೆ ಹಾಕ್ತೀನಿ. ನಾನೇನು ಮಾರಿಕೊಂಡ್ನಾ?"

"ಕೇಳಬಹುದಿತ್ತಲ್ಲ. ನನ್ನ ಹತ್ರ ಫೋನಿತ್ತು."

ಅಪ್ಪ ತಲೆ ಎತ್ತಿ, ಇಷ್ಟು ಸುಲಭದ ಲೆಕ್ಕ ಗೊತ್ತಾಗಲಿಲ್ಲವೇ ಎನ್ನುವಂತೆ ನೋಡಿದರು. "ಕೇಳಿದ್ರೆ ಬೇಡ ಅಂತಿದ್ದೆ. ಅದಕ್ಕೇ ಕೇಳಲಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಪಾತ್ರೆಯ ಮುಚ್ಚಳ ಹಿಡಿದು ನಿಂತಿದ್ದಳು. ಮಗಳು ಅವಳ ಕಡೆ ತಿರುಗಿದಳು.

"ನೀನೆಲ್ಲಿದ್ದೆ?"

"ಇಲ್ಲೇ ಇದ್ದೆ" ಎಂದಳು ಅಮ್ಮ, ಮುಚ್ಚಳವನ್ನು ನೋಡುತ್ತ.

ಮರುದಿನ ಪರದೆಯಕ್ಕ ಬೀದಿಯ ಕೊನೆಯ ಗ್ಯಾರೇಜಿಗೆ ಹೋದಳು. ಅಲ್ಲಿಯ ಯಜಮಾನನಿಗೆ ಎಲ್ಲರೂ ಚಷ್ಮಾ ಮೇಸ್ತ್ರಿ ಎನ್ನುತ್ತಿದ್ದರು. ಚೈನು, ಕಪ್ಪಿ ಅವನದೇ ಎಂದು ಅವಳಿಗೆ ಕೊಂಬೆ ನೋಡಿದಾಗಲೇ ಹೊಳೆದಿತ್ತು.

"ಅಲ್ಲಕ್ಕ, ನೀವು ಒಪ್ಪಿದೀರಿ ಅಂದ್ರಲ್ಲ ನಿಮ್ಮಪ್ಪ" ಎಂದ ಅವನು. "ಮಗಳೇ ಹೇಳಿದಾಳೆ, ತಮ್ಮನಿಗೆ ಕಷ್ಟ, ತೆಗೆದು ಹಾಕ್ಕೊಳ್ಳಿ ಅಂತ ಅಂದ್ರು. ಎಂಥಾ ಹೆಣ್ಣುಮಗಳು ಅಂದ್ಕೊಂಡೆ ನಾನು."

"ಹಾಗಂದ್ರಾ?"

"ನಿಮ್ಮಮ್ಮನೂ ಅಲ್ಲೇ ಇದ್ರು. ಕಾರಿನ ಕೆಳಕ್ಕೆ ಟಾರ್ಚು ಹಿಡ್ಕೊಂಡಿದ್ರು. ಅವರೂ ಏನೂ ಹೇಳಲಿಲ್ಲ."

ಅವಳು ಮನೆಗೆ ಬಂದು ತನ್ನ ಹೊಲಿಗೆ ಕೋಣೆಯ ಮೂಲೆಯಲ್ಲಿ ಒಂದು ಸಣ್ಣ ಸ್ಟೌ ಇಟ್ಟಳು. ಒಂದು ಬಾಣಲೆ, ಒಂದು ತಟ್ಟೆ, ಒಂದು ಲೋಟ. ಅಂದಿನಿಂದ ಅವಳ ಅಡುಗೆ ಬೇರೆಯಾಯಿತು. ಹಾಗೆಯೇ ಇನ್ನೊಂದೂ ಶುರುವಾಯಿತು. ಆ ಮನೆಯ ಓಡಾಟವೆಲ್ಲ ಇಷ್ಟು ದಿನ ಮೋಟುವಿನ ಮೇಲೆ ನಡೆಯುತ್ತಿತ್ತು ಎಂದು ಯಾರೂ ಗಮನಿಸಿರಲಿಲ್ಲ. ಈಗ ಗಮನಿಸುವಂತಾಯಿತು.

"ಗ್ಯಾಸಿನ ಸಿಲಿಂಡರು ಖಾಲಿಯಾಗಿದೆ ಕಣೇ" ಎಂದಳು ಅಮ್ಮ ಬಾಗಿಲಲ್ಲಿ ನಿಂತು.

"ಎಂಜಿನ್ ಇಲ್ಲ."

"ಅಕ್ಕಿ ಮೂಟೆ ತರಬೇಕಲ್ಲ" ಎಂದರು ಅಪ್ಪ.

"ಎಂಜಿನ್ ಇರೋರನ್ನ ಕೇಳಿ."

ಎಂಜಿನ್ ಇದ್ದವನು ಬೆಳಿಗ್ಗೆ ಹೋದರೆ ಸಂಜೆಗೆ ಬರುತ್ತಿದ್ದ. ಬಂದವನು ಹೋಟೆಲಿನ ಕಾರೆಂದು ಒರೆಸಿ ನಿಲ್ಲಿಸುತ್ತಿದ್ದನೇ ಹೊರತು ಸಿಲಿಂಡರು ಹೊರಲು ಒಪ್ಪುತ್ತಿರಲಿಲ್ಲ. "ಸೀಟಿಗೆ ವಾಸನೆ ಹಿಡಿಯತ್ತೆ" ಎನ್ನುತ್ತಿದ್ದ. ಅಮ್ಮನಿಗೆ ಮಂಡಿನೋವು. ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಕಾಲಿಗೆ ವ್ಯಾಯಾಮ ಮಾಡಿಸಬೇಕಿತ್ತು. ಆ ವಾರ ಅಮ್ಮ ಬಸ್ಸಿನಲ್ಲಿ ಹೋಗಿ, ಮೆಟ್ಟಿಲು ಇಳಿಯುವಾಗ ಮುಗ್ಗರಿಸಿ, ಹೋಗುವಾಗ ಇದ್ದದ್ದಕ್ಕಿಂತ ಹೆಚ್ಚು ನೋವು ತೆಗೆದುಕೊಂಡು ಬಂದಳು. ಪರದೆಯಕ್ಕ ಯಂತ್ರದ ಮುಂದೆ ಕೂತು ಕಿಟಕಿಯಿಂದ ಅದನ್ನು ನೋಡಿದಳು. ಹೊಲಿಗೆ ನಿಲ್ಲಿಸಿದಳು. ಎದ್ದು ಹೋಗಲಿಲ್ಲ.

ಅವಳ ಕೆಲಸವೂ ಬಸ್ಸಿನ ಪಾಲಾಗಿತ್ತು. ಬಟ್ಟೆಯ ಗಂಟು ತಲೆಯ ಮೇಲೆ, ಡ್ರಿಲ್ಲು ಹೆಗಲಿಗೆ, ರಾಡುಗಳ ಕಟ್ಟು ಕೈಯಲ್ಲಿ. ಮೊದಲ ದಿನವೇ ರಾಡಿನ ತುದಿ ಮುದುಕರೊಬ್ಬರ ಟೋಪಿಯನ್ನು ಕಿಟಕಿಯಿಂದ ಆಚೆ ಹಾರಿಸಿತು. ಕಂಡಕ್ಟರು ಬಸ್ಸು ನಿಲ್ಲಿಸಿದ.

"ಅಮ್ಮಾ, ಇದು ಬಸ್ಸು. ಗೂಡ್ಸ್ ಗಾಡಿಯಲ್ಲ. ಇಳೀರಿ."

"ಗುಡ್ಡದ ತನಕ ಬಿಡಿ, ಅಲ್ಲಿ ಇಳಿದುಬಿಡ್ತೀನಿ."

"ಇಲ್ಲೇ ಇಳೀರಿ. ಮೊದಲು ಅವರ ಟೋಪಿ ಹುಡುಕಿಕೊಡಿ."

ಟೋಪಿ ಹುಡುಕಿಕೊಟ್ಟು, ಗುಡ್ಡವನ್ನು ನಡೆದೇ ಹತ್ತಿದಳು. ಅರ್ಧ ದಾರಿಯಲ್ಲಿ ಅಪ್ಪನ ಕಾರು ಅವಳ ಪಕ್ಕದಲ್ಲೇ ಮೇಲಕ್ಕೆ ಹೋಯಿತು. ಒಳಗೆ ಕಪ್ಪು ಕನ್ನಡಕದ ಅತಿಥಿಗಳು. ಮುಂದೆ ತಮ್ಮ, ಹೋಟೆಲಿನ ಅಂಗಿಯಲ್ಲಿ. ಅವನು ನೋಡಿದ, ನಿಲ್ಲಿಸಲಿಲ್ಲ. ಕಾರು ಕಣ್ಮರೆಯಾದ ಮೇಲೂ ಎಂಜಿನ್ನಿನ ಸದ್ದು ಅವಳಿಗೆ ಕೇಳುತ್ತಿತ್ತು. ಇಷ್ಟು ವರ್ಷ ಕಾಲಿನ ಕೆಳಗೆ ಇಟ್ಟುಕೊಂಡಿದ್ದ ಸದ್ದು. ಮೂರನೇ ಗೇರಿನಲ್ಲಿ ಸ್ವಲ್ಪ ಗಂಟಲು ಕಟ್ಟಿದ ಹಾಗೆ ಆಗುತ್ತದೆ, ಆಮೇಲೆ ತಿಳಿಯಾಗುತ್ತದೆ. ರಸ್ತೆ ಬದಿಯಲ್ಲಿ ನಿಂತು ಅವಳು ಗಟ್ಟಿಯಾಗಿಯೇ ಬೈದಳು. ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ.

ತಮ್ಮನಿಗೆ ರಜೆ ಬಂದ ದಿನ ಅವಳು ಬೀಗದ ಕೈ ತೆಗೆದುಕೊಂಡು ಅಪ್ಪನ ಕಾರಿನ ಡಿಕ್ಕಿ ತೆರೆದಳು. ಅಷ್ಟು ದೊಡ್ಡ ಡಿಕ್ಕಿ, ಆದರೆ ಅದರ ಮತ್ತು ಹಿಂದಿನ ಸೀಟಿನ ನಡುವೆ ಅಡ್ಡಡ್ಡ ತಗಡಿನ ಗೋಡೆ. ರಾಡು ಆ ಗೋಡೆಗೆ ಹೋಗಿ ಬಡಿದು ನಿಂತಿತು, ಮುಕ್ಕಾಲು ಭಾಗ ಹೊರಗೇ ಉಳಿಯಿತು. ಕಿಟಕಿಯಿಂದ ತೂರಿಸಿ ನೋಡಿದಳು, ಆಗಲಿಲ್ಲ. ಕೊನೆಗೆ ಹಳೆ ಕಂಬಳಿ ಹಾಸಿ ರಾಡುಗಳನ್ನು ಛಾವಣಿಯ ಮೇಲೆ ಕಟ್ಟಿಕೊಂಡು ಹೋದಳು. ಬರುವಷ್ಟರಲ್ಲಿ ಕಂಬಳಿ ಜರುಗಿ ಬಣ್ಣದ ಮೇಲೆ ಉದ್ದಕ್ಕೆ ಗೀರು ಬಿದ್ದಿತ್ತು.

"ನೋಡು, ನೋಡು ಇಲ್ಲಿ" ಎಂದ ತಮ್ಮ, ಗೀರಿನ ಮೇಲೆ ಬೆರಳಾಡಿಸುತ್ತ. "ನಾಳೆ ಮ್ಯಾನೇಜರು ಕೇಳಿದ್ರೆ ಏನು ಹೇಳಲಿ ನಾನು?"

"ನಿನ್ನ ಕಾರಿಗೆ ಗೀರು ಬಿತ್ತು. ನನ್ನ ಕಾರಿಗೆ ಹೊಟ್ಟೆಯೇ ಇಲ್ಲ."

"ನಾನು ತೆಗೆದ್ನಾ? ಅಪ್ಪ ತೆಗೆದದ್ದು."

"ಓಡಿಸ್ತಿರೋನು ಯಾರು?"

"ಬೇಡ ಅನ್ನೋಕೆ ನಾನ್ಯಾರು, ಕಾರೇ ಅಪ್ಪಂದು."

"ಎಂಜಿನ್ ಯಾರದು?"

ತಮ್ಮ ಕಂಬಳಿ ಕೊಡವಿ ಒಳಗೆ ಹೋದ. ಅವನ ಹೆಂಡತಿ ಔಷಧಿಯಂಗಡಿಯ ಕೆಲಸ ಮುಗಿಸಿ ಬಂದು ಗೇಟಿನಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ರಾಡುಗಳ ಇನ್ನೊಂದು ತುದಿ ಹಿಡಿದು ಕೋಣೆಯ ತನಕ ತಂದುಕೊಟ್ಟು ಹೋದಳು.

ಇನ್ನೊಂದು ವಾರ ಕಳೆಯುವಷ್ಟರಲ್ಲಿ ಹಲ್ಲಿನ ಡಾಕ್ಟರೊಬ್ಬರ ಹೊಸ ಆಸ್ಪತ್ರೆಯ ಕೆಲಸ ಕೈತಪ್ಪಿತು. ಬಟ್ಟೆ ಕತ್ತರಿಸಿ, ಅಂಚು ಹೊಲಿದು ಮುಗಿದಿತ್ತು. ಉದ್ದದ ರಾಡುಗಳನ್ನು ಒಯ್ಯಲು ಬಾಡಿಗೆ ಗಾಡಿಗೆ ಹೇಳಿದ್ದಳು, ಅದು ಎರಡು ಸಲ ಕೈಕೊಟ್ಟಿತು. ಮೂರನೆಯ ಸಲ ಡಾಕ್ಟರೇ ಫೋನು ಮಾಡಿ, ಬೇರೆಯವರು ಬಂದು ಹಾಕಿಬಿಟ್ಟರು, ಬೇಸರ ಮಾಡ್ಕೋಬೇಡಿ ಎಂದರು. ಅವಳು ಹೊಲಿದ ಹಸಿರು ಪರದೆಗಳೆಲ್ಲ ಕೋಣೆಯ ಮೂಲೆಯಲ್ಲಿ ಮಡಚಿದ್ದಲ್ಲೇ ಉಳಿದವು. ಅಷ್ಟುದ್ದದ ಕಿಟಕಿ ಇನ್ಯಾರ ಮನೆಯಲ್ಲೂ ಇರಲಿಲ್ಲ.

ಅಂದು ಮಧ್ಯಾಹ್ನ ಅಮ್ಮ ತಟ್ಟೆಯಲ್ಲಿ ಅನ್ನ, ಮೊಟ್ಟೆ ಹಾಕಿ ತಂದಳು. ದಿನವೂ ಹೊಸ್ತಿಲ ಹೊರಗೆ ಇಟ್ಟು ಹೋಗುತ್ತಿದ್ದವಳು ಅಂದು ಒಳಗೆ ಬಂದು ಬಟ್ಟೆಯ ಗಂಟಿನ ಮೇಲೆ ಕೂತಳು.

"ಎಷ್ಟು ದಿನ ಬ್ರೆಡ್ಡು ಸುಟ್ಕೊಂಡು ತಿಂತೀಯ?"

"ನೀನು ಟಾರ್ಚು ಹಿಡಿದಿದ್ದೆಯಂತೆ."

ಅಮ್ಮ ಕೂತಿದ್ದ ಗಂಟಿನ ಬಟ್ಟೆಯ ಮಡಿಕೆ ಸರಿಮಾಡಿದಳು.

"ನಾನು ಒಪ್ಪಿದೀನಿ ಅಂತ ಅಪ್ಪ ಮೇಸ್ತ್ರಿಗೆ ಸುಳ್ಳು ಹೇಳುವಾಗ ನೀನು ಟಾರ್ಚು ಹಿಡ್ಕೊಂಡು ನಿಂತಿದ್ದೆ."

"ನಿಮ್ಮಪ್ಪನಿಗೆ ಕತ್ತಲಲ್ಲಿ ಸರಿ ಕಾಣ್ತಿರಲಿಲ್ಲ. ಬೆಳಕಿಲ್ಲದೆ ಸ್ಪಾನರು ಜಾರಿ ಬೆರಳು ಜಜ್ಜಿಕೊಂಡಿದ್ರೆ?"

"ನಾನು ಅದನ್ನ ಕೇಳ್ತಿಲ್ಲ."

"ಮತ್ತೇನು ಕೇಳ್ತೀಯ?" ಅಮ್ಮನ ಧ್ವನಿಯೂ ಏರಿತು. "ನಿನ್ನ ತಮ್ಮ ಕೆಲಸ ಇಲ್ಲದೆ ಮನೇಲಿ ಕೂತ್ಕೊಂಡಾಗ ನೋಡಿದೀಯಲ್ಲ ಹೇಗಿದ್ದ ಅಂತ. ಬೆಳಿಗ್ಗೆ ಎದ್ದು ಮುಖ ತೊಳೀತಿರಲಿಲ್ಲ. ಹೆಂಡತಿ ಜೊತೆ ಮಾತಿಲ್ಲ. ಈ ಕೆಲಸವೂ ಹೋಗಿದ್ರೆ ಏನು ಮಾಡ್ತಿದ್ನೋ. ನೀನು ಹಾಗಲ್ಲ. ನಿನಗೆ ಏನಾದ್ರೂ ನೀನು ಹೇಗೋ ಮಾಡ್ಕೊಳ್ತೀಯ. ಅವನು ಮಾಡ್ಕೊಳ್ಳಲ್ಲ."

ಪರದೆಯಕ್ಕ ಯಂತ್ರದಿಂದ ಕೈ ತೆಗೆದಳು. ಬೇರೆ ಯಾವ ಮಾತಾಗಿದ್ದರೂ ಅವಳು ತಿರುಗಿ ಕೊಡುತ್ತಿದ್ದಳು. ಈ ಮಾತನ್ನು ಅಮ್ಮ ಹೊಗಳಿಕೆಯೆಂದೇ ಹೇಳಿದ್ದಳು, ಅದು ಮುಖದಲ್ಲೇ ಕಾಣುತ್ತಿತ್ತು.

"ಮಾಡ್ಕೊಳ್ತೀನಿ ಅಂತ ನನ್ನದನ್ನೇ ಕಿತ್ಕೊಳ್ತೀರಿ. ಮಾಡ್ಕೊಳ್ಳೋಕೆ ಬರದೇ ಇರೋನಿಗೆ ಕೊಡ್ತೀರಿ. ಹಾಗಾದ್ರೆ ನಾನೂ ಮುಖ ತೊಳೆಯದೇ ಮಲಗಬೇಕಿತ್ತು."

"ಹಾಗಲ್ಲ ಕಣೇ."

"ಹಾಗೇನೇ. ತಟ್ಟೆ ತಗೊಂಡು ಹೋಗು."

ಅಮ್ಮ ತಟ್ಟೆ ತೆಗೆದುಕೊಂಡು ಹೋಗಲಿಲ್ಲ. ಅಲ್ಲೇ ಬಿಟ್ಟು ಗೋಡೆ ಹಿಡಿದುಕೊಂಡು ಎದ್ದು ಹೋದಳು. ಅನ್ನ ಸಂಜೆಯ ತನಕ ಅಲ್ಲೇ ಇದ್ದು ಗಟ್ಟಿಯಾಯಿತು.

ಅಪ್ಪನಿಗೂ ಒಳಗೊಳಗೇ ಏನೋ ಆಗಿರಬೇಕು. ಗುಜರಿಯಲ್ಲಿ ಹದಿನೈದುನೂರರ ಎಂಜಿನ್ ಸಿಗಲಿಲ್ಲ ಎಂದು ಹೇಳಿ, ಬೆಲ್ಟು ಹರಿದು ಸತ್ತುಬಿದ್ದಿದ್ದ ಹಳೆಯ ಹದಿಮೂರುನೂರನ್ನೇ ಬಿಚ್ಚಲು ಕೂತರು. ಊಟದ ಮೇಜಿನ ಮೇಲೆ ಹಳೆ ಪೇಪರು ಹಾಸಿ ಬಾಗಿದ ವಾಲ್ವುಗಳನ್ನು ಸಾಲಾಗಿ ಇಟ್ಟರು. ಹೊಸವನ್ನು ತಂದು, ಒಂದೊಂದನ್ನೂ ಅದರ ಗೂಡಿನಲ್ಲಿ ಕೂರಿಸಿ, ಮರಳಿನಂಥ ಪೇಸ್ಟು ಹಚ್ಚಿ, ಸಂದಿ ಉಳಿಯದಂತೆ ಅಂಗೈ ನಡುವೆ ಕಡ್ಡಿ ತಿರುಗಿಸುತ್ತ ಉಜ್ಜಿದರು. ಮನೆಯವರ ಊಟ ನೆಲಕ್ಕೆ ಬಂತು. ತಿನ್ನುವ ಬ್ರೆಡ್ಡಿಗೂ ಸೀಮೆಎಣ್ಣೆಯ ವಾಸನೆ ಎಂದು ಅಮ್ಮ ಗೊಣಗಿದಳು. ಈ ಸಲ ಅಪ್ಪ ಹೊಸ ಬೆಲ್ಟನ್ನೂ ತಂದರು. ಎಲಾಸ್ಟಿಕ್ಕಿನ ಮಾತು ಎತ್ತಲಿಲ್ಲ.

ಒಂದು ಭಾನುವಾರ ಚೈನು ಮತ್ತೆ ಕೊಂಬೆಗೇರಿತು. ಮೋಟುವಿನ ಮೂತಿ ಕೆಳಗಿಳಿಯಿತು. ಅಪ್ಪ ಬೀಗದ ಕೈ ತಿರುಗಿಸಿದಾಗ ಎಂಜಿನ್ ಮೊದಲ ಸಲಕ್ಕೇ ಹತ್ತಿಕೊಂಡಿತು. ಮನೆಯಲ್ಲಿ ಮಳೆ ನಿಂತ ಮೇಲಿನ ಗೆಲುವು. ತಮ್ಮ ಹಾಡು ಗುನುಗಿದ, ಅಮ್ಮ ಎಲ್ಲರಿಗೂ ಚಹಾ ಮಾಡಿದಳು. ಅಪ್ಪ ಕೈ ಒರೆಸಿಕೊಂಡು ಬಂದು ಬೀಗದ ಕೈಯನ್ನು ಹೊಲಿಗೆ ಯಂತ್ರದ ಮೇಲಿಟ್ಟರು.

"ತಗೋ. ಆಯ್ತಲ್ಲ. ಇನ್ನು ಸ್ಟೌ ಎತ್ತಿಡು."

ಮಾರನೆಯ ದಿನ ಅವಳು ರಾಡು, ಬಟ್ಟೆ, ಏಣಿ ಎಲ್ಲ ತುಂಬಿಕೊಂಡು ಗುಡ್ಡಕ್ಕೆ ಹೊರಟಳು. ಸಮತಟ್ಟಿನಲ್ಲಿ ಕಾರು ಚೆನ್ನಾಗಿಯೇ ಓಡಿತು. ಗುಡ್ಡದ ಬುಡದಲ್ಲಿ ಮೂರನೇ ಗೇರಿನಲ್ಲಿ ತಿಣುಕಿತು. ಎರಡನೆಯದಕ್ಕೆ ಇಳಿಸಿದಳು. ಕಡಿದಾದ ತಿರುವಿನಲ್ಲಿ ಮೊದಲನೆಯದಕ್ಕೂ ಇಳಿಸಬೇಕಾಯಿತು. ಹಿಂದೆ ಸಾಲುಗಟ್ಟಿದ ಗಾಡಿಗಳು ಹಾರ್ನು ಹೊಡೆದವು. ಎಂಜಿನ್ ಕಿರುಚಿಕೊಂಡು, ನಡೆಯುವವರ ಜೊತೆ ಜೊತೆಯಲ್ಲೇ ಮೇಲೆ ಹತ್ತಿತು. ಹತ್ತಿತು ಎಂಬುದು ನಿಜ. ಕೆಲಸ ಮುಗಿಸಿ ಇಳಿದು ಬಂದಳು. ಮನೆಯವರೆಲ್ಲ ಊಟಕ್ಕೆ ಕೂತಿದ್ದರು. ಮೇಜು ಒರೆಸಿ ಮತ್ತೆ ತಟ್ಟೆಗಳನ್ನು ಇಟ್ಟಿದ್ದರು, ಅವಳಿಗೂ ಒಂದು ಇಟ್ಟಿದ್ದರು. ಆ ತಟ್ಟೆಯಲ್ಲಿ ಅವಳು ಬೀಗದ ಕೈ ಹಾಕಿದಳು.

"ಇದು ನನ್ನದಲ್ಲ. ನನ್ನದು ಕೊಡಿ."

"ಓಡ್ತಲ್ಲ" ಎಂದರು ಅಪ್ಪ.

"ಓಡ್ತು."

"ಗುಡ್ಡ ಹತ್ತಿತಾ?"

"ಹತ್ತಿತು."

"ಮತ್ತೇನು? ಹಗಲೂ ಇರುಳೂ ಕೂತು ಕೈ ಸವೆಸಿದೀನಿ. ಬರೀ ಇನ್ನೂರು ಸಿಸಿಗೆ ಇಷ್ಟು ರಂಪಾನಾ?"

"ಇನ್ನೂರು ಸಿಸಿಗಲ್ಲ. ಸಿಟ್ಟು ನಿನ್ನ ಮೇಲೆ."

ಚಮಚಗಳ ಸದ್ದು ನಿಂತಿತು. ಆ ಮನೆಯಲ್ಲಿ ಅಪ್ಪನನ್ನು ಏಕವಚನದಲ್ಲಿ ಯಾರೂ ಮಾತಾಡಿಸಿರಲಿಲ್ಲ, ಅಮ್ಮ ಕೂಡ.

"ಅಪ್ಪನಿಗೆ ನೀನು ಅಂತೀಯಾ?" ಎಂದ ತಮ್ಮ.

"ಅಂತೀನಿ. ಕದ್ದವರಿಗೆ ಬಹುವಚನ ಕೊಡೋಕೆ ಇವತ್ತು ನನಗೆ ಆಗಲ್ಲ. ನನ್ನ ಎಂಜಿನ್ ನೀನು ಕದ್ದೆ. ನಾನು ಕೊಟ್ಟೆ ಅಂತ ಊರಿಗೆ ಹೇಳಿದೆ. ನಿನ್ನ ಬೆಲ್ಟು ನೀನು ಹರಿದುಕೊಂಡೆ, ಅದರ ದಂಡ ನನ್ನ ಕೈಲಿ ಕಟ್ಟಿಸಿದೆ. ಈಗ ನಿನ್ನ ರಿಪೇರಿ ಮಾಲನ್ನ ನನ್ನ ಕಾರಿನ ಹೊಟ್ಟೆಗೆ ತುಂಬಿ, ಆಯ್ತಲ್ಲ ಅಂತೀಯ. ಆಗಿಲ್ಲ."

ಅಪ್ಪನ ಮುಖ ಕೆಂಪಾಯಿತು. "ಈ ಮನೇಲಿದ್ದುಕೊಂಡು..."

"ಈ ಮನೇಲಿದ್ದುಕೊಂಡೇ. ನಾನೇನೂ ಹೋಗಲ್ಲ."

ಅಮ್ಮ ಬಾಗಿ ಆ ತಟ್ಟೆಯಿಂದ ಬೀಗದ ಕೈ ಎತ್ತಿ ಒರೆಸಿ ಮೇಜಿನ ಮೇಲಿಟ್ಟಳು. ಯಾರೂ ಊಟ ಮುಂದುವರಿಸಲಿಲ್ಲ. ತಮ್ಮನ ಹೆಂಡತಿ ಮಾತ್ರ ತನ್ನ ಪಾಲಿನದನ್ನು ನಿಧಾನವಾಗಿ ತಿಂದು ಮುಗಿಸಿದಳು.

ಮರುದಿನ ಬೆಳಿಗ್ಗೆ ತಮ್ಮ ಹೋಟೆಲಿನ ಅಂಗಿ ಹಾಕಿಕೊಳ್ಳುವಷ್ಟರಲ್ಲಿ ಪರದೆಯಕ್ಕ ಅಪ್ಪನ ಕಾರಿನಲ್ಲಿ ಕೂತು ಎಂಜಿನ್ ಚಾಲೂ ಮಾಡಿದ್ದಳು.

"ಎಲ್ಲಿಗೆ?" ತಮ್ಮ ಓಡಿ ಬಂದ.

"ಚಷ್ಮಾ ಮೇಸ್ತ್ರಿ ಹತ್ರ. ಎಂಜಿನ್ ಅದಲುಬದಲು ಮಾಡಿಸ್ತೀನಿ. ಇವತ್ತು ನಾಳೆ ಎರಡೂ ದಿನ ಕಾರು ಸಿಗಲ್ಲ."

"ನಾನು ಹೋಟೆಲಿಗೆ ಏನು ಹೇಳಲಿ?"

"ಹಲ್ಲಿನ ಡಾಕ್ಟರಿಗೆ ನಾನೇನು ಹೇಳಿದ್ನೋ ಅದನ್ನೇ ಹೇಳು."

ಅಷ್ಟರಲ್ಲಿ ಅಪ್ಪ ಬನಿಯನ್ನಿನಲ್ಲೇ ಬಂದು ಗೇಟಿಗೆ ಅಡ್ಡ ನಿಂತರು. ಎರಡೂ ಕೈಯನ್ನು ಬಾನೆಟ್ಟಿನ ಮೇಲೆ ಊರಿದರು. ಎಂಜಿನ್ನಿನ ನಡುಕ ಅವರ ತೋಳಿನ ತನಕ ಕಾಣುತ್ತಿತ್ತು.

"ಆರಿಸು."

"ಜರುಗಿ."

"ನನ್ನ ಕಾರು ಇದು. ನನ್ನ ಮೇಲೆ ಹತ್ತಿಸಿಕೊಂಡು ಹೋಗು, ನೋಡೋಣ."

ಅವಳು ಹತ್ತಿಸಲಿಲ್ಲ, ಆರಿಸಲೂ ಇಲ್ಲ. ಇಬ್ಬರೂ ಗಾಜಿನ ಈಚೆ ಆಚೆ ಒಬ್ಬರನ್ನೊಬ್ಬರು ನೋಡುತ್ತ ಉಳಿದರು. ಪಕ್ಕದ ಮನೆಯವರು ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಕಾಂಪೌಂಡಿನ ಬಳಿ ಬಂದರು. ಮೆಟ್ಟಿಲ ಮೇಲಿನಿಂದ ಅಮ್ಮ ಒಂದೊಂದೇ ಹೆಜ್ಜೆ ಇಳಿದು, ಕಾರಿನ ಮೈ ಹಿಡಿದುಕೊಂಡು ಮುಂದಕ್ಕೆ ಬಂದು, ಅಪ್ಪನ ತೋಳು ಹಿಡಿದಳು.

"ಸರೀರಿ."

"ನೀನು ಒಳಗೆ ಹೋಗು."

"ಅದು ಅವಳದು. ಸರೀರಿ."

"ಅವತ್ತು ನೀನೂ ಇದ್ದೆಯಲ್ಲ."

"ಇದ್ದೆ. ಬಾಯಿ ಮುಚ್ಕೊಂಡು ಇದ್ದೆ. ಇವತ್ತು ಮುಚ್ಕೊಳ್ಳಲ್ಲ. ಕಾಲು ನೋಯ್ತಾ ಇದೆ ನನಗೆ, ಎಷ್ಟು ಹೊತ್ತು ನಿಲ್ಲಿಸ್ತೀರಿ?"

ಅಪ್ಪ ಪಕ್ಕದ ಮನೆಯವರನ್ನು ನೋಡಿದರು, ಮಗನನ್ನು ನೋಡಿದರು. ಮಗ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಅಪ್ಪ ಕೈ ತೆಗೆದರು. ಬಾನೆಟ್ಟಿನ ಧೂಳಿನ ಮೇಲೆ ಎರಡು ಅಂಗೈಯ ಗುರುತು ಉಳಿಯಿತು.

ಆಗ ತಮ್ಮನ ಹೆಂಡತಿ ಚೀಲ ಹೆಗಲಿಗೇರಿಸಿಕೊಂಡು ಹೊರಗೆ ಬಂದಳು. "ಅತ್ತಿಗೆ, ಅದಲುಬದಲು ಅಂದ್ರೆ ಎರಡೂ ಕಾರು ಬೇಕಲ್ಲ. ಮೋಟುನ ಯಾರು ತರ್ತಾರೆ?"

ಪರದೆಯಕ್ಕ ಅದನ್ನು ಯೋಚಿಸಿಯೇ ಇರಲಿಲ್ಲ.

"ನಾನು ತರ್ತೀನಿ" ಎಂದಳು ತಮ್ಮನ ಹೆಂಡತಿ. ಕಾರು ಓಡಿಸುವುದನ್ನು ಅವಳು ಕಲಿತದ್ದೇ ಮೋಟುವಿನಲ್ಲಿ, ಈ ಅತ್ತಿಗೆಯ ಪಕ್ಕದಲ್ಲಿ ಕೂತು.

"ನೀನೂನಾ?" ಎಂದ ಗಂಡ.

"ನನ್ನ ಅಂಗಡಿಗೂ ಅದೇ ದಾರಿ" ಎಂದು ಅವಳು ಮೇಜಿನ ಮೇಲಿದ್ದ ಬೀಗದ ಕೈ ತರಲು ಒಳಗೆ ಹೋದಳು.

ಚಷ್ಮಾ ಮೇಸ್ತ್ರಿ ಈ ಸಲ ಏನೂ ಕೇಳಲಿಲ್ಲ. ಎರಡು ದಿನ ಪರದೆಯಕ್ಕ ಗ್ಯಾರೇಜಿನಲ್ಲೇ ಒಂದು ಟೈರಿನ ಮೇಲೆ ಕೂತು, ಮಡಿಲಲ್ಲಿ ಪರದೆಯ ಅಂಚು ಇಟ್ಟುಕೊಂಡು ಕೈಹೊಲಿಗೆ ಹಾಕಿದಳು. ತನ್ನ ಎಂಜಿನ್ ತನ್ನ ಕಾರಿನೊಳಗೆ ಇಳಿಯುವುದನ್ನು ಕಣ್ಣಾರೆ ನೋಡಿದಳು. ಸಂತೋಷವಾಗುತ್ತದೆ ಎಂದುಕೊಂಡಿದ್ದಳು. ಸಿಟ್ಟು ಇದ್ದಲ್ಲೇ ಇತ್ತು, ಸ್ವಲ್ಪ ಜಾಗ ಮಾಡಿಕೊಂಡು ಕೂತಿತ್ತು ಅಷ್ಟೇ.

ತಮ್ಮನ ಕೆಲಸ ಹೋಗಲಿಲ್ಲ. ಹದಿಮೂರುನೂರರ ಸೆಡಾನು ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತ ಅತಿಥಿಗಳನ್ನು ಹ್ಯಾಗೋ ಮೇಲೆ ಮುಟ್ಟಿಸುತ್ತಿತ್ತು. ಅವಸರವಿದ್ದವರು ಗೊಣಗಿದರು, ಇಲ್ಲದವರು ಕಿಟಕಿಯಾಚೆ ನೋಡಿದರು. ಮೊದಲೇ ಇದನ್ನು ರಿಪೇರಿ ಮಾಡಿದ್ದರೆ ಸಾಕಿತ್ತಲ್ಲ ಎಂದು ಪರದೆಯಕ್ಕನಿಗೆ ಇನ್ನಷ್ಟು ಉರಿಯಿತು. ಅಮ್ಮನನ್ನು ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋಗತೊಡಗಿದಳು. ದಾರಿಯಲ್ಲಿ ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಸ್ಟೌ ಇನ್ನೂ ಕೋಣೆಯಲ್ಲಿತ್ತು, ಆದರೆ ಒಂದು ಹೊತ್ತಿನ ಊಟಕ್ಕೆ ಮೇಜಿಗೆ ಬಂದು ಕೂರುತ್ತಿದ್ದಳು. ಅಪ್ಪನನ್ನು ಮತ್ತೆ ನೀವು ಎನ್ನುತ್ತಿದ್ದಳು, ಅನ್ನಬೇಕಾಗಿ ಬಂದಾಗ. ಅಪ್ಪ ಅವಳೊಂದಿಗೆ ಮಾತು ಬಿಟ್ಟಿದ್ದರು. ಏನಾದರೂ ಹೇಳಬೇಕಿದ್ದರೆ ಉಪ್ಪಿನ ಡಬ್ಬಿಗೆ ಹೇಳುತ್ತಿದ್ದರು.

ಒಂದು ಸಂಜೆ ಊಟದ ನಡುವೆ ಅಪ್ಪ ಗಂಟಲು ಸರಿಮಾಡಿಕೊಂಡರು.

"ನಾಳೆ ಪಿಂಚಣಿ ಕಚೇರಿಗೆ ಹೋಗಬೇಕಿತ್ತು. ದೊಡ್ಡ ಕಾರು ಹೋಟೆಲಿಗೆ ಹೋಗಿರತ್ತೆ." ಉಪ್ಪಿನ ಡಬ್ಬಿಯಿಂದ ಕಣ್ಣು ಎತ್ತಿ ಮಗಳ ಕಡೆ ನೋಡಿದರು. "ನಿನ್ನ ಕಾರು ಬೇಕಿತ್ತು. ಬೆಳಿಗ್ಗೆ ಹೋಗಿ ಮಧ್ಯಾಹ್ನದೊಳಗೆ ಬಂದುಬಿಡ್ತೀನಿ. ಕೊಡ್ತೀಯಾ?"

ತಮ್ಮ ತಟ್ಟೆಯಿಂದ ತಲೆ ಎತ್ತಿದ. ಅಮ್ಮ ಚಮಚವನ್ನು ಪಾತ್ರೆಯಲ್ಲೇ ಬಿಟ್ಟಳು. ಅಪ್ಪ ಈ ಮನೆಯಲ್ಲಿ ಏನನ್ನಾದರೂ ಯಾರನ್ನಾದರೂ ಕೇಳಿದ್ದು ಯಾರಿಗೂ ನೆನಪಿರಲಿಲ್ಲ. ನಾಳೆ ಪರದೆಯಕ್ಕನಿಗೆ ಹೊರಗೆ ಕೆಲಸವಿಲ್ಲ, ಇಡೀ ದಿನ ಮನೆಯಲ್ಲೇ ಹೊಲಿಗೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವಳು ಬಾಯಲ್ಲಿದ್ದುದನ್ನು ಅಗಿದು ನುಂಗಿದಳು. ನೀರು ಕುಡಿದಳು.

"ಇಲ್ಲ" ಎಂದಳು. "ಕೊಡಲ್ಲ."

"ಅಕ್ಕ" ಎಂದ ತಮ್ಮ.

ಅಪ್ಪ ಕೈ ಅಡ್ಡ ಮಾಡಿ ಅವನನ್ನು ತಡೆದರು. ತಟ್ಟೆಯ ಅಂಚಿನ ಅನ್ನವನ್ನು ಒಟ್ಟುಮಾಡಿದರು.

"ಸರಿ" ಎಂದರು. "ಬಸ್ಸಿಗೆ ಹೋಗ್ತೀನಿ."

ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕಾರಿನ ಪಕ್ಕದಿಂದಲೇ ದಾಟಿ, ಗೇಟು ಹಾಕಿಕೊಂಡು ಬಸ್ ನಿಲ್ದಾಣದ ಕಡೆ ನಡೆದರು. ಪರದೆಯಕ್ಕ ಕಿಟಕಿಯ ಬಳಿ ಕೂತು ಹೊಲಿಯುತ್ತಿದ್ದಳು. ಬೀಗದ ಕೈ ಯಂತ್ರದ ಮೇಲೆ, ಯಾರು ಬೇಕಾದರೂ ಕೈಚಾಚಿ ತೆಗೆದುಕೊಳ್ಳಬಹುದಾದ ಜಾಗದಲ್ಲಿತ್ತು. ಮೋಟು ಸಂಜೆಯ ತನಕ ಅಂಗಳದ ಬಿಸಿಲಿನಲ್ಲಿ ನಿಂತೇ ಇತ್ತು. ಯಾರೂ ಅದನ್ನು ಮುಟ್ಟಲಿಲ್ಲ.